ಎಣ್ಣೆ ಕುಡಿಯುವ ಇಂಜಿನ್ನು: ದುರಸ್ತಿಯೋ, ಬದಲಾವಣೆಯೋ?

ತಾಳವಾಡಿಯ ಕಡೆಯವರಿಗೆ ದಿಂಬಂ ಘಟ್ಟವನ್ನು ವರ್ಣಿಸಬೇಕಾಗಿಲ್ಲ. ಸತ್ಯಮಂಗಲದ ಪೇಟೆಗಾಗಲಿ, ಈರೋಡಿನ ಆಸ್ಪತ್ರೆಗಾಗಲಿ ಹೋಗಬೇಕಾದರೆ 27 ಕಡಿದಾದ ತಿರುವುಗಳನ್ನು ಇಳಿದು ಬಣ್ಣಾರಿಯನ್ನು ಸೇರಬೇಕು. ಮರಳುವಾಗ ಅಷ್ಟನ್ನೂ ಏರಬೇಕು. ಇಂತಹ ದಾರಿಯನ್ನು ನಂಬಿದ ಮನೆಗೆ ಕಾರು ವೈಭವದ ವಸ್ತುವಲ್ಲ, ಆಪತ್ಕಾಲದ ಬಂಧು.

ನಮ್ಮ ಮನೆಯ ಮಾರುತಿ 800 ಕಾರು 2009ರಲ್ಲಿ ಕೊಂಡದ್ದು. ಎರಡು ವರ್ಷಗಳ ಹಿಂದೆ ಅದು ಎಣ್ಣೆ ಕುಡಿಯತೊಡಗಿತು. ಕೆಳಗೆ ನೆಲದ ಮೇಲೆ ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ. ಆದರೂ 800 ಕಿಲೋಮೀಟರು ಓಡುವಷ್ಟರಲ್ಲಿ ಒಂದು ಲೀಟರು ಮಾಯವಾಗುತ್ತಿತ್ತು. ಹಿಂಬದಿಯಲ್ಲಿ ನೀಲಿ ಹೊಗೆ. ತೋರಿಸಿದ ಮೊದಲ ಕಡೆಯಲ್ಲೇ, “ಇಂಜಿನ್ನಿನ ಆಯುಸ್ಸು ಮುಗಿಯಿತು, ಬೇರೊಂದನ್ನು ಹಾಕಿಸಿರಿ” ಎಂಬ ತೀರ್ಪು ದೊರೆಯಿತು. ಕೈಯಲ್ಲಿದ್ದ ಹಣವಾದರೋ ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದು. ಅತ್ತ ವೃದ್ಧ ತಾಯಿಯನ್ನು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಕರೆದೊಯ್ಯದೆ ವಿಧಿಯಿಲ್ಲ. ಆ ಇಕ್ಕಟ್ಟಿನಲ್ಲಿ ಕಲಿತ ಪಾಠವನ್ನೇ ಈ ತಿಂಗಳು ವಾಚಕರ ಮುಂದಿಡುತ್ತಿದ್ದೇನೆ.

ಇಂಜಿನ್ನಿನೊಳಗೆ ಎಣ್ಣೆ ಸುಡುವುದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ಒಂದು ಕೆಳಗಿನದು: ಪಿಸ್ಟನ್ನಿನ ರಿಂಗುಗಳಾಗಲಿ ಸಿಲಿಂಡರಿನ ಗೋಡೆಯಾಗಲಿ ಸವೆದಾಗ ಎಣ್ಣೆ ಮೇಲಕ್ಕೆ ನುಸುಳುತ್ತದೆ. ಇನ್ನೊಂದು ಮೇಲಿನದು: ವಾಲ್ವಿನ ಕಾಂಡಕ್ಕೆ ತೊಡಿಸಿದ ರಬ್ಬರಿನ ಸೀಲು ಕಾವಿಗೆ ಗಡುಸಾದಾಗ, ಅಥವಾ ವಾಲ್ವಿನ ಗೈಡು ಸಡಿಲವಾದಾಗ, ಎಣ್ಣೆ ಕೆಳಕ್ಕೆ ಜಿನುಗುತ್ತದೆ. ಮೊದಲನೆಯದು ದೊಡ್ಡ ರೋಗ, ಎರಡನೆಯದು ಅಷ್ಟಲ್ಲ. ಹೊಗೆ ಮಾತ್ರ ಎರಡಕ್ಕೂ ನೀಲಿಯೇ.

ಇವನ್ನು ಬೇರ್ಪಡಿಸಿ ತೋರಿಸುವುದರಲ್ಲಿ ನಮ್ಮ ಘಟ್ಟವೇ ಒಳ್ಳೆಯ ಪರೀಕ್ಷಕ. ಏರಿನಲ್ಲಿ ಭಾರ ಹೊತ್ತು ಏದುವಾಗ ಹೊಗೆ ಎಡೆಬಿಡದೆ ಬಂದರೆ ರಿಂಗುಗಳನ್ನು ಸಂಶಯಿಸಬೇಕು. ಗೇರಿನ ಹಿಡಿತದಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ, ಗಾಳಿಯ ದಾರಿ ಮುಚ್ಚಿ ಒಳಗೆ ಎಳೆತ ಹೆಚ್ಚುತ್ತದೆ. ಆ ಎಳೆತಕ್ಕೆ ಎಣ್ಣೆ ಗೈಡುಗಳ ಮೂಲಕ ಇಳಿಯುತ್ತದೆ. ಬುಡದಲ್ಲಿ ಮತ್ತೆ ಕಾಲೊತ್ತಿದೊಡನೆ ಒಂದು ನೀಲಿ ಮೋಡ ಎದ್ದರೆ, ಅಥವಾ ಬೆಳಗಿನ ಮೊದಲ ಚಾಲನೆಯಲ್ಲಿ ಮಾತ್ರ ಹೊಗೆ ಕಂಡರೆ, ದೋಷ ಮೇಲಿನದೆಂದು ತಿಳಿಯಬಹುದು.

ಆದರೂ ಕಣ್ಣಿನ ಸಾಕ್ಷಿಯೊಂದೇ ಸಾಲದು. ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಿಸಬೇಕು. ಕಡಿಮೆ ತೋರಿದಲ್ಲಿ ಒಂದು ಚಮಚೆ ಎಣ್ಣೆ ಬಿಟ್ಟು ಮತ್ತೊಮ್ಮೆ ಅಳೆದಾಗ ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಇಂಜಿನ್ನಿನ ಹಬೆಯನ್ನು ಹೊರಗೊಯ್ಯುವ ಪಿ.ಸಿ.ವಿ. ವಾಲ್ವು ಕಟ್ಟಿಕೊಂಡರೂ ಎಣ್ಣೆ ಖರ್ಚಾಗುವುದರಿಂದ ಅದನ್ನು ಮೊದಲೇ ಶುಚಿಗೊಳಿಸಬೇಕು.

ನಮ್ಮ ಕಾರಿನ ಮೂರು ಸಿಲಿಂಡರುಗಳ ಒತ್ತಡವೂ ಸಮನಾಗಿ, ಚೆನ್ನಾಗಿಯೇ ಇತ್ತು. ಹೊಗೆಯೋ ಇಳಿಜಾರು ಮುಗಿದ ಮೇಲಿನದು. ಇಂಜಿನ್ನನ್ನು ಕೆಳಗಿಳಿಸದೆ, ಹೆಡ್ಡನ್ನು ಮಾತ್ರ ಬಿಚ್ಚಿಸಿ ಗೈಡು, ಸೀಲುಗಳನ್ನು ಹೊಸದಾಗಿ ಹಾಕಿಸಿದೆವು. ಈಗ ಎರಡು ಎಣ್ಣೆ ಬದಲಾವಣೆಗಳ ನಡುವೆ ಮೇಲುಹನಿ ಹಾಕುವ ಪ್ರಮೇಯವೇ ಬರುವುದಿಲ್ಲ. ಮಗಳ ಶುಲ್ಕವೂ ಸಕಾಲದಲ್ಲಿ ಸಂದಿತು.

ಎಲ್ಲರಿಗೂ ಇದೇ ಭಾಗ್ಯವೆಂದು ಹೇಳಲಾರೆ. ರಿಂಗುಗಳೇ ಸವೆದಿದ್ದರೆ ಹೊಸ ರಿಂಗು ತೊಡಿಸಿದಷ್ಟಕ್ಕೆ ಮುಗಿಯದು. ಸಿಲಿಂಡರು ಅಂಡಾಕಾರವಾಗಿದೆಯೇ ಎಂದು ಅಳೆದು, ಅಗತ್ಯವಿದ್ದಲ್ಲಿ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ನು ಹಾಕಿಸಬೇಕು. ಇದು ನಂಬಿಕೆಯ ಲೇತು ಕೆಲಸಗಾರರಿದ್ದಲ್ಲಿ ಮಾತ್ರ ಫಲಿಸುವ ಕಾರ್ಯ. ಹಳೆಯ ಕಾರಿನಿಂದ ಬಿಚ್ಚಿದ ಇಂಜಿನ್ನು ಬೇಗ ಕೈಸೇರುತ್ತದೆ, ನಿಜ. ಆದರೆ ಅದರ ಪೂರ್ವಾಶ್ರಮ ನಮಗೆ ತಿಳಿಯದು. ಅದರ ಒತ್ತಡವನ್ನೂ ಅಳೆಯಿಸದೆ ಹಣ ಕೊಡಬಾರದು. ಇಂಜಿನ್ನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ ಸಾರಿಗೆ ಕಛೇರಿಯನ್ನು ಮೊದಲೇ ವಿಚಾರಿಸಿ, ಮಾರಿದವರಿಂದ ಕಾಗದಪತ್ರಗಳನ್ನು ಪಡೆಯುವುದು ಕ್ಷೇಮ.

ಇವೆರಡಕ್ಕೂ ಮುಂಚೆ ಕಾರಿನ ತಳವನ್ನು ಎತ್ತಿಸಿ ನೋಡಿರಿ. ತುಕ್ಕು ತಿಂದ ಒಡಲಿಗೆ ಹೊಸ ಹೃದಯವೇತಕ್ಕೆ? ಒಡಲು ಗಟ್ಟಿಯಾಗಿದ್ದರೆ, ಇನ್ನೆಷ್ಟು ವರ್ಷ ಈ ಕಾರು ನಮಗೆ ಬೇಕೆಂಬುದನ್ನು ನಿಶ್ಚಯಿಸಿ, ಆ ವರ್ಷಗಳಿಗೆ ತಕ್ಕಷ್ಟೇ ವೆಚ್ಚ ಮಾಡುವುದು ವಿವೇಕ. ನಮ್ಮದರ ನೋಂದಣಿ ಹದಿನೈದು ತುಂಬಿದಾಗ, 2024ರಲ್ಲಿ, ಐದು ವರ್ಷಕ್ಕೆ ನವೀಕರಣಗೊಂಡಿತು. 2029ರವರೆಗೆ ತಾಯಿಯನ್ನು ಘಟ್ಟ ಇಳಿಸಿ ಹತ್ತಿಸಿದರೆ ಸಾಕು; ಅದರ ಮೇಲಿನ ಮಾತನ್ನು ಆಗ ಆಡಿದರಾಯಿತು.