ಸ್ಮಾರಕಶಿಲೆಗಳ ಓದು: ಬೆಂಗಳೂರಿನ ವಸಾಹತು ಸ್ಮಾರಕಗಳ ಸಂದರ್ಭ

ವಸಾಹತುಕಾಲದ ಸ್ಮಾರಕಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡೇ ನಿಲುವುಗಳ ನಡುವೆ ನಡೆಯುತ್ತದೆ: ಅವನ್ನು ಕಿತ್ತುಹಾಕಬೇಕು, ಇಲ್ಲವೇ ಪರಂಪರೆಯ ಆಸ್ತಿಯೆಂದು ಕಾಪಾಡಬೇಕು. ಎರಡರಲ್ಲೂ ಸ್ಮಾರಕವನ್ನು ಓದುವ ಕೆಲಸ ಹಿಂದೆ ಬೀಳುತ್ತದೆ. ಶಾಸನಾಧ್ಯಯನದಲ್ಲಿ ಶತಮಾನಕ್ಕೂ ಮಿಕ್ಕ ಪರಂಪರೆಯುಳ್ಳ ಕನ್ನಡ ವಿದ್ವತ್ತು ಈ ಚರ್ಚೆಯಿಂದ ದೂರ ಉಳಿಯುವುದು ಉಚಿತವಲ್ಲ.

ಬೆಂಗಳೂರನ್ನೇ ಗಮನಿಸಬಹುದು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ಅಧೀನದಲ್ಲಿದ್ದ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಪಕ್ಷದವರ ನೆನಪಿಗೆ ನಿಲ್ಲಿಸಿದ್ದ ಸ್ತಂಭವನ್ನು ಕನ್ನಡ ಚಳವಳಿಗಾರರ ಒತ್ತಾಯದ ಮೇರೆಗೆ 1964ರಲ್ಲಿ ನಗರಪಾಲಿಕೆ ತೆಗೆಸಿತು. ಸಿನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಇದರ ಹಿಂದಿನ ಸ್ವಾಭಿಮಾನವನ್ನು ಅಲ್ಲಗಳೆಯಬೇಕಾಗಿಲ್ಲ. ಗೆದ್ದವರ ಹೆಮ್ಮೆಯನ್ನು ಸೋತವರ ಊರು ಎಂದೆಂದಿಗೂ ಹೊತ್ತು ನಿಲ್ಲಬೇಕೆಂಬ ಕಟ್ಟಳೆಯೇನೂ ಇಲ್ಲ.

ಆದರೆ ಸ್ತಂಭ ಹೋದ ಮಾತ್ರಕ್ಕೆ ಸೋತ ಪಕ್ಷದ ಸ್ಮೃತಿ ಮರಳಿ ಬರಲಿಲ್ಲ. ಕೋಟೆಯ ಅಳಿದುಳಿದ ಗೋಡೆಯಲ್ಲಿರುವ ಫಲಕ, ಬ್ರಿಟಿಷರ ಲಗ್ಗೆ ನಡೆದುದು ಆ ಒಡಕಿನ ಮೂಲಕ ಎಂಬುದನ್ನು ದಿನಾಂಕಸಹಿತ ಹೇಳಿ ಸುಮ್ಮನಾಗುತ್ತದೆ. ಕೋಟೆಯನ್ನು ಕಾಯುತ್ತ ಅಂದು ಪ್ರಾಣಬಿಟ್ಟ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ. 1866ರಲ್ಲಿ ಸ್ಥಾಪಿತವಾದ ಮಾರ್ಕ್ ಕಬ್ಬನ್ ಪ್ರತಿಮೆ 2020ರಲ್ಲಿ ಹೈಕೋರ್ಟಿನ ಆವರಣದಿಂದ ಕಬ್ಬನ್ ಉದ್ಯಾನದೊಳಕ್ಕೆ ಸರಿಯಿತು. ಸ್ಥಳ ಬದಲಾಯಿತೇ ಹೊರತು ಅರ್ಥದ ವಿಚಾರಣೆ ನಡೆಯಲಿಲ್ಲ.

ಕನ್ನಡದ ವೀರಗಲ್ಲುಗಳ ಪರಂಪರೆ ಇಲ್ಲಿ ನೆರವಿಗೆ ಬರುತ್ತದೆ. ಬೆಂಗಳೂರು ಎಂಬ ಹೆಸರಿನ ಅತ್ಯಂತ ಹಳೆಯ ಉಲ್ಲೇಖವೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನವೂ ಕಾಳಗವೊಂದರಲ್ಲಿ ಸತ್ತವರ ಸ್ಮಾರಕವೇ. ಬುಟ್ಟಣಸೆಟ್ಟಿಯ ಮರಣವನ್ನು ದಾಖಲಿಸಿದ ಆ ಕಲ್ಲು ಉಳಿದುದರಿಂದ ನಗರಕ್ಕೆ ತನ್ನ ಹೆಸರಿನ ಪ್ರಾಚೀನತೆ ತಿಳಿಯಿತು. ಶಾಸನತಜ್ಞರು ಅದನ್ನು ಕೊಂಡಾಡಲೂ ಇಲ್ಲ, ಖಂಡಿಸಲೂ ಇಲ್ಲ. ಪಾಠವನ್ನು ನಿರ್ಣಯಿಸಿದರು, ಕಾಲವನ್ನು ಗುರುತಿಸಿದರು, ಸಂದರ್ಭವನ್ನು ವಿವರಿಸಿದರು. ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಕನ್ನಡ ಅಧ್ಯಯನಕ್ಕೆ ಕಲಿಸಿದ ಶಿಸ್ತು ಇದೇ.

ಇಂಗ್ಲಿಷಿನಲ್ಲಿ ಕೊರೆದ ಕಲ್ಲು ಕನ್ನಡ ವಿಭಾಗದ ವ್ಯಾಪ್ತಿಗೆ ಸೇರದೆಂಬ ಭಾವನೆಯನ್ನು ಬಿಡಬೇಕಾಗಿದೆ. ಸಂಸ್ಕೃತ, ತಮಿಳು ಶಾಸನಗಳಿಲ್ಲದೆ ಕರ್ನಾಟಕದ ಚರಿತ್ರೆ ಪೂರ್ಣವಾಗದೆಂದು ಒಪ್ಪಿದವರು ಈ ಫಲಕಗಳನ್ನು ಮಾತ್ರ ಹೊರಗಿಡುವುದಕ್ಕೆ ಸಕಾರಣವಿಲ್ಲ. ಅವುಗಳ ಪಾಠ ಸಂಗ್ರಹವಾಗಬೇಕು. ಅವು ಯಾರನ್ನು ಹೆಸರಿಸುತ್ತವೆ, ಯಾರ ವಿಷಯದಲ್ಲಿ ಮೌನವಾಗಿವೆ ಎಂಬುದು ಪರಿಶೀಲನೆಗೆ ಒಳಗಾಗಬೇಕು. ಕೋಟೆಯ ಫಲಕದ ಪಕ್ಕದಲ್ಲಿ ಬಹದ್ದೂರ್ ಖಾನನನ್ನೂ ಅವನೊಡನೆ ಮಡಿದವರನ್ನೂ ನೆನೆಯುವ ಕನ್ನಡದ ಕಲ್ಲೊಂದು ನಿಂತರೆ, ಹಳೆಯ ಫಲಕವನ್ನು ಕೀಳದೆಯೇ ಅದರ ಏಕಪಕ್ಷೀಯತೆಗೆ ಉತ್ತರ ಕೊಟ್ಟಂತಾಗುತ್ತದೆ.