ಆಟದ ಕೋವಿ, ಹೋಗುವ ಕಣ್ಣು

ಹಿಂದೆ ಮಲೆನಾಡಿನ ಹುಡುಗರ ಕೈಯಲ್ಲಿ ಇರ್ತಿದ್ದದ್ದು ಬಿದಿರಿನ ಪೆಟ್ಲು. ಹಸಿ ಕಾಯಿ ತುರುಕಿ ದೂಡಿದರೆ ‘ಪಟ್’ ಅನ್ನುತ್ತಿತ್ತು. ಬೆನ್ನಿಗೆ ಬಿದ್ದರೆ ಚುರುಕ್ ಅಂತಿತ್ತು, ಅಷ್ಟೇ. ಆಮೇಲೆ ಕೇಪಿನ ಪಿಸ್ತೂಲು ಬಂತು. ಈಗ ಬಂದಿರುವುದು ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಕೋವಿ. ಇದನ್ನೂ ಆಟದ ಸಾಮಾನು ಅನ್ನುವವರಿದ್ದಾರೆ. ಅಂಥವರು 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಏನಾಯ್ತು ಅಂತ ಸ್ವಲ್ಪ ಕೇಳಿಸಿಕೊಳ್ಳಲಿ.

ಅಲ್ಲಿ ಭೋಪಾಲ್, ವಿದಿಶಾ, ಗ್ವಾಲಿಯರ್ ಕಡೆ ರಸ್ತೆ ಬದಿಯಲ್ಲೇ ನೂರೈವತ್ತು, ಇನ್ನೂರು ರೂಪಾಯಿಗೆ ಇದರ ಮಾರಾಟ ನಡೆಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಂಡವರೂ ಇದ್ದರು. ಹಬ್ಬ ಮುಗಿಯೋ ಹೊತ್ತಿಗೆ ಆಸ್ಪತ್ರೆ ಸೇರಿದವರು ನೂರಕ್ಕೂ ಹೆಚ್ಚು, ಅವರಲ್ಲಿ ಬಹಳಷ್ಟು ಮಕ್ಕಳು. ಕೆಲವರ ಕಣ್ಣು ಹೋಗಿಯೇ ಹೋಯಿತು. ಆಮೇಲೆ ಸರ್ಕಾರ ನಿಷೇಧ ಹೇರಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. 1984ರಲ್ಲಿ ವಿಷಾನಿಲ ಕುಡಿದ ಊರೂ ಅದೇ ಭೋಪಾಲ್. ಆ ಕಂಪನಿ ಯೂನಿಯನ್ ಕಾರ್ಬೈಡಿನ ಹೆಸರು ಬಂದದ್ದೂ ಇದೇ ಕಾರ್ಬೈಡಿನಿಂದ!

ಕಾರ್ಬೈಡಿಗೆ ನೀರು ತಾಕಿದರೆ ಅಸಿಟಿಲಿನ್ ಗ್ಯಾಸ್ ಹುಟ್ಟುತ್ತೆ. ಕಬ್ಬಿಣ ಕತ್ತರಿಸುವ ವೆಲ್ಡಿಂಗ್ ಗ್ಯಾಸ್ ಅದೇ. ಉಳಿಯುವ ಬೂದಿ ಸುಣ್ಣ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತೆ ಅಲ್ವೇ? ಅದೇ ಸುಣ್ಣ ಬಿಸಿಯಾಗಿ ಕಣ್ಣಿಗೆ ಹಾರಿದರೆ ಏನಾದೀತು, ನೀವೇ ಯೋಚಿಸಿ. ಎಷ್ಟೋ ಮಕ್ಕಳು ಪೆಟ್ಟು ತಿಂದದ್ದು ಕೋವಿ ಹೊಡೆದಾಗಲ್ಲ, ಹೊಡೆಯದೆ ನಿಂತಾಗ. ‘ಯಾಕೆ ಸಿಡಿಲಿಲ್ಲ’ ಅಂತ ಪೈಪಿನೊಳಗೆ ಇಣುಕಿದ್ದಾರೆ, ಆಗ ಸಿಡಿದಿದೆ.

ಆದರೆ ಇದು ಹುಟ್ಟಿದ್ದು ಆಟಕ್ಕಲ್ಲ. ಹೊಲ ತೋಟಕ್ಕೆ ನುಗ್ಗುವ ಮಂಗ, ಹಕ್ಕಿ ಓಡಿಸೋದಕ್ಕೆ. ಈ ಕಷ್ಟ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿ ತಾಲೂಕಿನ ರೈತರೊಬ್ಬರು ನಾಯಿಗೆ ಹುಲಿ ಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿ 2019ರಲ್ಲಿ ದೇಶವೆಲ್ಲ ಓಡಾಡಿತು. ನಕ್ಕವರು ನಕ್ಕರು, ತೋಟ ಇದ್ದವರು ನಗಲಿಲ್ಲ. ಲೈಸೆನ್ಸ್ ಕೋವಿ ಇದ್ದವರ ಪಾಡೂ ಅಷ್ಟೇ. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. ಮಂಗಕ್ಕೆ ನೀತಿ ಸಂಹಿತೆ ಉಂಟೇ? ಹೊಸನಗರದ ಕಡೆ ಮಂಗಗಳ ಪಾರ್ಕ್ ಮಾಡುವ ಮಾತು 2020ರ ಸುಮಾರಿಗೆ ಜೋರಾಗಿಯೇ ಕೇಳಿತ್ತು. ಆ ಮಾತಿನಿಂದ ತೋಟದಲ್ಲಿ ಒಂದು ಬಾಳೆಗೊನೆಯೂ ಉಳಿದಿಲ್ಲ. ಹೀಗಿರುವಾಗ ರೈತ ಪೈಪು ಹಿಡಿದರೆ ಅವನನ್ನು ಬೈಯಲು ಈ ಪತ್ರಿಕೆಗೆ ಮನಸ್ಸಿಲ್ಲ. ತೋಟದ ಮನೆಯ ಮೂಲೆಯಲ್ಲಿಟ್ಟ ಅದೇ ಪೈಪು ದೀಪಾವಳಿಗೆ ಬಂದ ಮೊಮ್ಮಗನ ಕೈಗೆ ಹೋಗುತ್ತದಲ್ಲ, ನಮ್ಮ ತಕರಾರು ಅಲ್ಲಿ.

ಈಗ ಅಂಗಡಿಯವರ ಹತ್ತಿರ ಒಂದು ಮಾತು. ಕಾರ್ಬೈಡ್ ನಿಮಗೆ ಹೊಸದಲ್ಲ. ಅದರಿಂದ ಹಣ್ಣು ಮಾಗಿಸುವುದನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ, ಅದು ಹಣ್ಣಿನ ಮಂಡಿಯ ಎಲ್ಲರಿಗೂ ಗೊತ್ತು. ವೆಲ್ಡಿಂಗ್ ಶಾಪಿನವರು ಡಬ್ಬಿ ಲೆಕ್ಕದಲ್ಲಿ ಒಯ್ಯುತ್ತಾರೆ. ನೂರು ಗ್ರಾಂ ಪೊಟ್ಟಣ ಕಟ್ಟಿಕೊಡಿ ಅಂತ ಚಡ್ಡಿ ಹಾಕಿದ ಹುಡುಗ ಬಂದರೆ ಯಾತಕ್ಕೆ ಅಂತ ಕೇಳೋದಕ್ಕೆ ಕಾನೂನು ಬೇಕಾಗಿಲ್ಲ. ಹತ್ತು ರೂಪಾಯಿ ಲಾಭ ಬಿಡಿ, ಸ್ವಾಮಿ.

ಭದ್ರಾವತಿಯ ಲೇತ್ ಶಾಪಿನವರಿಗೂ ಇದೇ ಮಾತು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಾಗಿನಿಂದ ಆ ಊರಿನ ಕೈಗೆ ಲೋಹದ ಕೆಲಸ ಒಲಿದಿದೆ. ಪ್ಲಾಸ್ಟಿಕ್ ಬೇಡ, ಕಬ್ಬಿಣದ ಪೈಪಿನಲ್ಲಿ ಗಟ್ಟಿಯಾಗಿ ಮಾಡಿಕೊಡು ಅಂತ ಬರುವವರು ಇದ್ದೇ ಇರ್ತಾರೆ. ಗುಂಡು ಹಾರಿಸುವ ಕೋವಿಯಾದರೆ ಲೈಸೆನ್ಸ್ ಇಲ್ಲದೆ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯಿದೆ ಪ್ರಕಾರ ಜೈಲಿನ ದಾರಿ.

ಇನ್ನು ಬಸ್ಸು. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಸಂಜೆ ಕಾಲಿಡಲು ಜಾಗ ಇರಲ್ಲ. ಸೀಟಿನಡಿಯ ಚೀಲದಲ್ಲಿ ಏನಿದೆ ಅಂತ ಕಂಡಕ್ಟರಿಗೂ ತಿಳಿಯದು. ಮಲೆನಾಡಿನ ಮಳೆಗಾಲದಲ್ಲಿ ಕಾರ್ಬೈಡ್ ಪೊಟ್ಟಣ ಒದ್ದೆಯಾದರೆ ಚೀಲದೊಳಗೇ ಗ್ಯಾಸ್ ಏಳುತ್ತದೆ. ಬೆಂಕಿ ಹಚ್ಚಲು ಒಂದು ಬೀಡಿ ಸಾಕು. 2024ರ ಫೆಬ್ರವರಿಯಲ್ಲಿ ಶಿರಾಳಕೊಪ್ಪದಲ್ಲಿ ಬೀದಿ ವ್ಯಾಪಾರಿಯ ಹತ್ತಿರ ಇಟ್ಟ ಚೀಲವೊಂದು ಸಿಡಿಯಿತು. ಒಳಗಿದ್ದದ್ದು ಹಂದಿ ಹೊಡೆಯುವ ಸಿಡಿಮದ್ದು. ಗಾಯವಾದದ್ದು ಏನೂ ಅರಿಯದ ವ್ಯಾಪಾರಿಗೆ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕ್ವಾರಿ ಸ್ಫೋಟಕ ಸಿಡಿದಾಗ ಭೂಕಂಪ ಅಂತ ಹೊರಗೆ ಓಡಿ ಬಂದವರು ಈ ಎರಡೂ ಊರಿನಲ್ಲಿ ಇದ್ದಾರೆ. ಅನುಮಾನದ ವಾಸನೆ ಬಂದರೆ ಸುಮ್ಮನೆ ಕೂರಬೇಡಿ, ಬಸ್ಸು ನಿಲ್ಲಿಸಿ.

ಪಿಸ್ತೂಲಿನಂಥ ಲೈಟರು, ಆನ್‌ಲೈನಿನಲ್ಲಿ ಬರುವ ಹಸಿರು ಲೇಸರು, ಇವೆಲ್ಲ ಇನ್ನೊಂದು ಕಥೆ. ಲೇಸರಿಗೂ ಕಣ್ಣು ತೆಗೆಯುವ ಶಕ್ತಿ ಉಂಟು ಅನ್ನುವುದಷ್ಟು ನೆನಪಿರಲಿ.

ಜಿಲ್ಲಾಧಿಕಾರಿಗಳು ಪಟಾಕಿ ಅಂಗಡಿಗೆ ಲೈಸೆನ್ಸ್ ಕೊಡುವ ಹೊತ್ತಿನಲ್ಲೇ ಕಾರ್ಬೈಡ್ ಕೋವಿ ಮಾರಬಾರದು ಅಂತ ಆದೇಶ ಹೊರಡಿಸಲಿ. ಬಿಡಿಯಾಗಿ ಕಾರ್ಬೈಡ್ ಮಾರುವವರು ಕೊಂಡವರ ಹೆಸರು ಬರೆದಿಡಲಿ. ಅರಣ್ಯ ಇಲಾಖೆ ಮಂಗನ ವಿಷಯದಲ್ಲಿ ಮೀಟಿಂಗ್ ಬಿಟ್ಟು ತೋಟಕ್ಕೆ ಇಳಿಯಲಿ.

ಅಷ್ಟರಲ್ಲಿ ಯಾರ ಮನೆಯಲ್ಲಾದರೂ ಅವಘಡ ಆದರೆ: ಕಣ್ಣು ಉಜ್ಜಬೇಡಿ. ರೆಪ್ಪೆ ಮೇಲೆ ಹರಳು, ಪುಡಿ ಕಂಡರೆ ಒಣ ಬಟ್ಟೆಯಿಂದ ಮೆಲ್ಲಗೆ ಕೊಡವಿ. ಎಣ್ಣೆ, ಹಾಲು, ನಾಟಿ ರಸ ಯಾವುದೂ ಬೇಡ. ಶುದ್ಧ ನೀರನ್ನು ಅರ್ಧ ಗಂಟೆ ಧಾರೆಯಾಗಿ ಹುಯ್ಯಿರಿ. ನೋವು ಕಡಿಮೆಯಾಯ್ತು ಅಂತ ಬೆಳಗಿನ ತನಕ ಕಾಯದೆ, ಅದೇ ರಾತ್ರಿ ಮೆಗ್ಗಾನ್ ಆಸ್ಪತ್ರೆಗೆ ಕರಕೊಂಡು ಹೋಗಿ.