ಅಂಗಳದ ಹಳೇ ಬೆಂಚು, ಬಣ್ಣ ಹೊಡೆಯೋ ಮುಂಚೆ

ಊರಿಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತೆ, ಆದ್ರೆ ಯಾರೂ ಕೈ ಹಾಕಲ್ಲ. ಅಂಗಳದ ಮೂಲೇಲಿ ಮಳೆ ತಿಂದು ಬೂದಿ ಬಣ್ಣಕ್ಕೆ ತಿರುಗಿರೋ ಮರದ ಬೆಂಚು. ತ್ಯಾವರೆಕೊಪ್ಪ ಅಂದ್ರೆ ಎಲ್ಲರಿಗೂ ಸಿಂಹಧಾಮವೇ ನೆನಪಾಗೋದು. ನನಗೆ ಮಾತ್ರ ಸಾಗರ ರಸ್ತೆಯ ಆಚೀಚೆ ಹಳೇ ಮನೆಗಳ ಮುಂದೆ ಕೂತಿರೋ ಈ ಬೆಂಚುಗಳು.

ಗುಜರಿಯವರು ಸೌದೆ ರೇಟಿಗೆ ಕೇಳ್ತಾರೆ. ಕೊಡಬೇಡಿ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿದಾಗ ಅದರ ಹೆಸರಲ್ಲೇ ಮರ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕುಲುಮೆಗೆ ಬೇಕಾದ ಇದ್ದಿಲೆಲ್ಲ ನಮ್ಮ ಮಲೆನಾಡಿನ ಕಾಡಿಂದಲೇ. ಅಷ್ಟು ಹೇರಳವಾಗಿದ್ದ ಕಾಲದ ಮರ ಈಗೆಲ್ಲಿ? ಅಂಥ ದಪ್ಪ ತೇಗದ ಹಲಗೆಗೆ ಇವತ್ತು ಬೆಲೆ ಕೇಳಿ ನೋಡಿ, ಗೊತ್ತಾಗುತ್ತೆ.

ಬೂದಿ ಬಣ್ಣಕ್ಕೆ ಹೆದರಬೇಕಾಗಿಲ್ಲ. ಮರದ ಎಳೆಗಳನ್ನ ಹಿಡಿದಿಡೋ ಲಿಗ್ನಿನ್ ಬಿಸಿಲಿಗೆ ಒಡೆದು ಮಳೇಲಿ ತೊಳೆದುಹೋಗಿರುತ್ತೆ, ಅದೂ ಮೇಲ್ಪದರದಲ್ಲಿ ಮಾತ್ರ. ನೋಡಬೇಕಾದ್ದು ಕಾಲುಗಳನ್ನ. ನೆಲಕ್ಕೆ ತಾಗೋ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ಇದ್ರೆ ಬೆಂಚು ಉಳೀತು. ಬೆಣ್ಣೆ ಥರ ಇಳಿದ್ರೆ ಆ ತುದಿ ಕತ್ತರಿಸಿ ಬೇರೆ ತುಂಡು ಜೋಡಿಸೋಕೆ ಬಡಗಿಯನ್ನ ಕರೀರಿ.

ಈಗ ಮುಖ್ಯವಾದ ವಿಷಯ. ಬೆಂಚಿನ ಮೇಲೆ ಹಳೇ ಪೇಂಟ್ ಇದ್ಯಾ? ಯಾವಾಗ ಹೊಡೆದದ್ದು ಅಂತ ಮನೇಲಿ ಕೇಳಿ. ನಮ್ಮ ದೇಶದಲ್ಲಿ ಮನೆಗೆ ಬಳಸೋ ಪೇಂಟಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮಲ್ ಆಗಿದ್ರೆ ಸೀಸ ಇದೆ ಅಂತಲೇ ಅಂದ್ಕೊಂಡು ಕೆಲಸ ಮಾಡಿ. ಒಣಗಿದ ಪೇಂಟನ್ನ ಉಜ್ಜಿದಾಗ ಏಳೋ ಧೂಳು ಅಂಗಳದ ಮಣ್ಣಿಗೆ ಬೀಳುತ್ತೆ, ಅದೇ ಮಣ್ಣಲ್ಲಿ ಮಗು ಆಡಿ ಬೆರಳು ಬಾಯಿಗೆ ಹಾಕುತ್ತೆ. ಸೀಸ ಕೆಡಿಸೋದು ಬೆಳೆಯೋ ಮೆದುಳನ್ನ. ಹಾಗಾಗಿ ಕೆಳಗೆ ಟಾರ್ಪಾಲ್ ಹಾಸಿ, ಎನ್-95 ಮಾಸ್ಕ್ ಹಾಕ್ಕೊಳ್ಳಿ, ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಿರಿ. ಪೇಂಟ್ ಸುಡೋದಂತೂ ಬೇಡವೇ ಬೇಡ. ಕೆರೆದದ್ದನ್ನ ಕವರಲ್ಲಿ ಕಟ್ಟಿಡಿ, ಗಿಡದ ಬುಡಕ್ಕೆ ಸುರೀಬೇಡಿ. ಹಾಕ್ಕೊಂಡ ಬಟ್ಟೆ ಬೇರೆಯಾಗಿ ಒಗೀರಿ. ಬಸುರಿಯರು, ಮಕ್ಕಳು ಆ ದಿನ ಅಜ್ಜಿ ಮನೇಲಿರಲಿ.

ಪೇಂಟೇ ಇಲ್ಲದ ಬರೀ ಮರವಾದ್ರೆ ಕೆಲಸ ಸಲೀಸು. ಸೋಪು ನೀರಲ್ಲಿ ಪಾಚಿ ತಿಕ್ಕಿ, ಮೂರ್ನಾಲ್ಕು ದಿನ ಒಣಗಿಸಿ, 80 ನಂಬರ್ ಉಪ್ಪು ಕಾಗದದಿಂದ ಶುರು ಮಾಡಿ 120, ಆಮೇಲೆ 180. ಯಾವಾಗಲೂ ಎಳೆಯ ಉದ್ದಕ್ಕೇ. ಅಡ್ಡ ಉಜ್ಜಿದ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತೆ.

ಎಣ್ಣೆನಾ ಪೇಂಟಾ? ತೇಗ, ಹಲಸು ಆದ್ರೆ ನನ್ನ ಓಟು ಎಣ್ಣೆಗೆ. ಪೇಂಟ್ ಒಂದು ಪೊರೆ. ಮಲೆನಾಡಿನ ಮಳೇಲಿ ಮರ ಉಬ್ಬಿ, ಬೇಸಿಗೇಲಿ ಕುಗ್ಗಿ ಆ ಪೊರೆ ಸೀಳುತ್ತೆ. ಒಳಗೆ ಹೋದ ನೀರಿಗೆ ಹೊರಬರೋ ದಾರಿ ಇರಲ್ಲ, ಮರ ಅಲ್ಲೇ ಕೊಳೆಯುತ್ತೆ. ಎಣ್ಣೆ ಹಾಗಲ್ಲ, ಸವೆದಾಗ ಇನ್ನೊಂದು ಕೈ ಹಚ್ಚಿದ್ರಾಯ್ತು. ಹಾರ್ಡ್‌ವೇರ್ ಅಂಗಡೀಲಿ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಕೇಳಿ. ಹಸಿ ಎಣ್ಣೆ ಬೇಡ, ಬೇಗ ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಮೊದಲ ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಮಿಕ್ಕಿದ್ದನ್ನ ಒರೆಸಿ. ಒರೆಸದಿದ್ರೆ ಕೂತವರ ಪ್ಯಾಂಟಿಗೆ ಅಂಟುತ್ತೆ. ಒಂದು ದಿನ ಬಿಟ್ಟು ಇನ್ನೆರಡು ಕೈ.

ಕರಾವಳಿಯ ಸ್ನೇಹಿತರು ಗೇರು ಎಣ್ಣೆ ಹಚ್ಚು ಅಂತಾರೆ. ದೋಣಿಗೆ ಅದೇ ಸರಿ. ಆದ್ರೆ ಕೈಗೆ ತಾಗಿದ್ರೆ ಬೊಬ್ಬೆ ಬರುತ್ತೆ, ಕೂರೋ ಜಾಗಕ್ಕೆ ಯಾಕೆ? ಒಳಗಿನ ಕುರ್ಚಿಗಳಿಗೆ ಹೊಡೆಯೋ ಅರಗಿನ ಫ್ರೆಂಚ್ ಪಾಲಿಶೂ ಹೊರಗಡೆಗಲ್ಲ, ನೀರು ಬಿದ್ದಲ್ಲಿ ಬೆಳ್ಳಗಾಗುತ್ತೆ.

ಬಣ್ಣವೇ ಬೇಕು ಅನ್ನೋರು ತೇಗದ ಮೈಯನ್ನ ಮೊದಲು ಥಿನ್ನರಲ್ಲಿ ಒರೆಸಿ. ಅದರ ಸ್ವಂತ ಎಣ್ಣೆ ಪೇಂಟನ್ನ ಹಿಡಿಯೋಕೆ ಬಿಡಲ್ಲ. ಆಮೇಲೆ ಪ್ರೈಮರ್, ಮೇಲೆ ಹೊರಾಂಗಣದ ಪೇಂಟ್ ಎರಡು ತೆಳು ಕೈ. ಕಾಲಿನ ತುದಿಗಳಿಗೆ ಪ್ರೈಮರ್ ಕುಡಿಯೋಷ್ಟು ಕುಡಿಸಿ, ನೀರು ಏರೋದೇ ಅಲ್ಲಿಂದ. ಕೆಳಗೆ ನಾಲ್ಕು ಚಪ್ಪಡಿ ಕಲ್ಲಿಡಿ. ತುಕ್ಕು ಹಿಡಿದ ಮೊಳೆ ಕಿತ್ತು ಸ್ಟೀಲ್ ಸ್ಕ್ರೂ ಹಾಕಿ, ತೇಗಕ್ಕೆ ಕಬ್ಬಿಣ ತಾಗಿದ್ರೆ ಕಪ್ಪು ಕಲೆ.

ಇದನ್ನೆಲ್ಲ ಮಳೇಲಿ ಮಾಡೋಕಾಗಲ್ಲ. ದೀಪಾವಳಿ ಕಳೆದು ಒಣಹವೆ ಬಂದ ಮೇಲೆ, ಶಿವರಾತ್ರಿ ಒಳಗೆ ಒಂದು ವೀಕೆಂಡ್ ತೊಳೆದು ಒಣಗೋಕೆ ಬಿಡಿ, ಉಜ್ಜೋದು ಹಚ್ಚೋದು ಮುಂದಿನ ವೀಕೆಂಡಿಗೆ. ಒಂದು ಮಾತು ಮಾತ್ರ ಮರೀಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಅದು ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಆಮೇಲೆ ಬಿಸಾಕಿ.